ಕಾರ್ಡು ಹಣ್ಣಾಗುವ ತನಕ

“ಇಲ್ಲಿ ಒತ್ತಿ ನೋಡೇ,” ಎಂದು ಅತ್ತಿಗೆ ನಾದಿನಿಯ ಕೈಹಿಡಿದು ತನ್ನ ಎಡ ಕಂಕುಳ ಕೆಳಗೆ, ಎದೆಯ ಅಂಚಿಗೆ ಇಟ್ಟುಕೊಂಡಳು.

ಅದು ತೊಗಲಿನ ಕೈಗವಸು ಹೊಲಿಯುವ ಕಾರ್ಖಾನೆಯ ಹೆಂಗಸರ ಕೈತೊಳೆಯುವ ಕೋಣೆ. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಹೊರಗಿದ್ದವರಿಗೆ ಮಾತು ಕೇಳಿಸದಿರಲೆಂದು ಅತ್ತಿಗೆಯೇ ಬಿಟ್ಟಿದ್ದಳು. ನಾದಿನಿ ಕಣ್ಣು ಮುಚ್ಚಿಕೊಂಡಳು. ತೊಗಲು ನೋಡುವಾಗಲೂ ಅವಳು ಹಾಗೇ ಮಾಡುವುದು. ತೊಗಲಿನೊಳಗಿನ ಗಂಟು ಕಣ್ಣಿಗೆ ಬೀಳುವುದಿಲ್ಲ, ಬೆರಳಿಗೆ ಸಿಗುತ್ತದೆ. ಅತ್ತಿಗೆಯ ಅಂಗಿಯ ಮೇಲಿನಿಂದಲೇ ಅವಳ ಬೆರಳಿಗೆ ಅದು ಸಿಕ್ಕಿತು. ನೆನೆಸಿಟ್ಟ ಕಡಲೆಯಷ್ಟು ಗಾತ್ರ. ಒತ್ತಿದರೆ ಜಾರದೆ ಇದ್ದಲ್ಲೇ ಕೂತಿತ್ತು.

“ಏನೋ ಇದೆ ಅತ್ತಿಗೆ.”

“ಇದೆ ಅಂತ ನಂಗೂ ಗೊತ್ತು. ಏನು ಅಂತ ಹೇಳು ಅಂದ್ರೆ.”

“ನೋಯತ್ತಾ?”

“ಇಲ್ಲ. ಅದೊಂದು ಪುಣ್ಯ.” ಅತ್ತಿಗೆ ಅಂಗಿ ಸರಿಮಾಡಿಕೊಂಡಳು. “ಸಂಜೆ ನಮ್ ಬೀದಿ ಡಾಕ್ಟರ ಹತ್ರ ಹೋಗ್ಬರೋಣ್ವಾ? ನೀನೂ ಬಾ. ಒಬ್ಳೇ ಹೋಗೋಕೆ ಒಂಥರಾ ಆಗತ್ತೆ.”

ಹೂಂ ಎನ್ನುವುದಕ್ಕೆ ನಾದಿನಿಯ ಬಾಯಿ ಅರ್ಧ ತೆರೆದಿತ್ತು. ಅಷ್ಟರಲ್ಲಿ ಅವಳಿಗೆ ಬೇರೊಂದು ಮಾತು ನೆನಪಾಯಿತು. ನೆನಪಾದದ್ದು ಜಾಣತನವೆಂದೇ ತೋರಿತು.

“ತಡೀರಿ ಅತ್ತಿಗೆ. ನಿಮ್ ಕಾರ್ಡು ಇನ್ನೂ ಕಾಯಿ. ಹಣ್ಣಾಗ್ಲಿ, ಆಮೇಲೆ ಹೋಗೋಣ.”

ಆ ಮಾತು ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಓಡಾಡುತ್ತಿದ್ದದ್ದೇ. ಹೊಲಿದ ಜೋಡಿಗಿಷ್ಟು ಎಂಬ ಲೆಕ್ಕದ ಕೂಲಿಯವರಿಗೆ ಅಲ್ಲಿ ಕೂಲಿ ಬಿಟ್ಟರೆ ಬೇರೇನೂ ಇಲ್ಲ. ಖಾಯಂ ಆದವರಿಗೆ ಮಾತ್ರ ಕಂಪನಿ ಒಂದು ಕಾರ್ಡು ಕೊಡುತ್ತಿತ್ತು. ದೊಡ್ಡ ಕಾಯಿಲೆ ಬಂದರೆ ಆಸ್ಪತ್ರೆಯ ಖರ್ಚು ವಿಮೆಯವರದು. ಅತ್ತಿಗೆ ವರ್ಷಗಟ್ಟಲೆ ಕೂಲಿಯಲ್ಲೇ ಸವೆದು ಈಗಷ್ಟೇ ಖಾಯಂ ಆಗಿದ್ದಳು. ಕಾರ್ಡಿನ ಮೇಲಿನ ಹೊಳಪಿನ ಹಾಳೆಯನ್ನು ಇನ್ನೂ ಸುಲಿದಿರಲಿಲ್ಲ.

ಆದರೆ ಕಾರ್ಡು ಕೈಗೆ ಬಂದರಷ್ಟೇ ಸಾಲದು, ವರ್ಷ ತುಂಬಿ ಅದು ಹಣ್ಣಾಗಬೇಕು ಎಂದು ಹೇಳಿಕೊಟ್ಟವಳು ಇಸ್ತ್ರಿಯಕ್ಕ. ಹೊಲಿದ ಕೈಗವಸುಗಳನ್ನು ಬಿಸಿಯಾದ ಹಿತ್ತಾಳೆಯ ಕೈಗಳಿಗೆ ತೊಡಿಸಿ ಸುಕ್ಕು ತೆಗೆಯುವುದು ಅವಳ ಕೆಲಸ. ಸುಳ್ಳು ಹೇಳುವ ಹೆಂಗಸಲ್ಲ. ಅವಳ ಗಂಡ ಮನೆ ಬಾಗಿಲಿಗೆ ಬಂದ ಏಜೆಂಟನಿಂದ ವಿಮೆ ಮಾಡಿಸಿಕೊಂಡಿದ್ದ. ಎದೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದಾಗ ವಿಮೆಯವರು ಎಲ್ಲೆಲ್ಲೋ ಕೆದಕಿ, ಅವನು ಹಿಂದೆಯೇ ಒಮ್ಮೆ ಕೆಮ್ಮಿಗೆಂದು ಡಾಕ್ಟರನ್ನು ಕಂಡಿದ್ದನ್ನು ಪತ್ತೆ ಮಾಡಿದರು. ಹಳೇ ಕಾಯಿಲೆ, ವರ್ಷವೂ ತುಂಬಿಲ್ಲ, ನಮ್ಮಿಂದಾಗದು ಎಂದು ಕೈತೊಳೆದುಕೊಂಡರು. ಇಸ್ತ್ರಿಯಕ್ಕ ಅವನನ್ನು ಮನೆಗೆ ಕರೆದುಕೊಂಡು ಬಂದು, ಒಂದು ಮೂಲೆಯಲ್ಲಿ ಮಲಗಿಸಿಕೊಂಡು, ಉಸಿರು ನಿಲ್ಲುವವರೆಗೂ ಕಾದಳು. ಅಂದಿನಿಂದ ಹೊಸದಾಗಿ ಖಾಯಂ ಆದವರ ಕೈಹಿಡಿದು ಅವಳು ಹೇಳುತ್ತಿದ್ದಳು: “ಕಾರ್ಡು ಹಣ್ಣಾಗೋ ತನಕ ಯಾವ ಡಾಕ್ಟರ ಬಾಗ್ಲೂ ತುಳೀಬೇಡ್ರಮ್ಮ. ನನ್ ಗತಿ ನಿಮಗೆ ಬೇಡ.”

ದುಃಖದ ಮಾತು ಕಾರ್ಖಾನೆಗಳಲ್ಲಿ ಬಹುಕಾಲ ದುಃಖವಾಗಿ ಉಳಿಯುವುದಿಲ್ಲ. ಯಾರಾದರೂ ಸೀನಿದರೆ ಸಾಕು, “ಏಯ್, ನಿಂದಿನ್ನೂ ಕಾಯಿ ಕಾರ್ಡು ಕಣೆ, ಮೂಗು ಮುಚ್ಕೋ!” ಎಂದು ಸಾಲಿಗೆ ಸಾಲೇ ನಗುತ್ತಿತ್ತು. ಇಸ್ತ್ರಿಯಕ್ಕನೂ ನಗುತ್ತಿದ್ದಳು.

“ನಿಜ ಕಣೆ,” ಎಂದಳು ಅತ್ತಿಗೆ, ನಲ್ಲಿ ನಿಲ್ಲಿಸುತ್ತಾ. “ನಂಗೆ ತಲೆಗೇ ಹೋಗ್ಲಿಲ್ಲ ನೋಡು. ಆದ್ರೆ ನಿಮ್ಮಣ್ಣನ ಹತ್ರ ಉಸಿರೆತ್ತೀಯ, ಹುಷಾರು! ಅವ್ರು ಈಗ್ಲೇ ಎಳ್ಕೊಂಡು ಹೋಗ್ತಾರೆ. ಮಗಳ ಓದಿಗೆ ಇಟ್ಟಿರೋದೆಲ್ಲ ಸುರೀತಾರೆ.”

“ನಾನ್ಯಾಕೆ ಹೇಳ್ಲಿ?”

“ನೀನಾ? ನಿನ್ ಹತ್ರ ಗುಟ್ಟು ಹೇಳೋದೂ ಒಂದೇ, ಮಾಳಿಗೆ ಹತ್ತಿ ಕೂಗೋದೂ ಒಂದೇ.”

ಮನೆಯಲ್ಲಿ ನಾದಿನಿಗೆ ಪೀಪಿ ಎಂದೇ ಹೆಸರು. ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯಲ್ಲೇ ಉಳಿದವಳು. ಬಾಯಿಗೆ ಬಂದದ್ದನ್ನು ಒಳಗೆ ಇಟ್ಟುಕೊಂಡು ಅಭ್ಯಾಸವೇ ಇಲ್ಲ. ಅಣ್ಣನದು ಬೀಗ ರಿಪೇರಿಯ ಅಂಗಡಿ. “ಊರ ಬೀಗಕ್ಕೆಲ್ಲ ನನ್ ಹತ್ರ ಕೀಲಿ ಇದೆ. ಪೀಪಿ ಬಾಯಿಗೆ ಹಾಕೋಕೆ ಮಾತ್ರ ಒಂದು ಬೀಗ ಇಲ್ಲ,” ಎಂದು ಅವನು ಊಟಕ್ಕೆ ಕೂತಾಗ ಹೇಳುತ್ತಿದ್ದ.

ಆ ಪೀಪಿ ಈ ಸಲ ಸುಮ್ಮನಾದಳು. ಅಣ್ಣ ತಟ್ಟೆಯ ಮುಂದೆ ಕೂತು, “ಏನ್ ಸಮಾಚಾರ?” ಎಂದರೆ ತುತ್ತು ದೊಡ್ಡದು ಮಾಡಿ ಬಾಯಿ ತುಂಬಿಸಿಕೊಳ್ಳುತ್ತಿದ್ದಳು. ಕಾರ್ಖಾನೆಯಲ್ಲಿ ಅತ್ತಿಗೆ ನಾದಿನಿಯರು ಎದುರುಬದುರು ಕೂರುವವರು. ಕತ್ತರಿಸುವವನು ಒಂದೇ ತೊಗಲಿನಿಂದ ಎಡಗೈ ಬಲಗೈ ಎರಡನ್ನೂ ಕತ್ತರಿಸಿ, ಒಂದಕ್ಕೊಂದು ದಾರ ಕಟ್ಟಿ ಕಳಿಸುತ್ತಿದ್ದ. ಅತ್ತಿಗೆ ಎಡಚಿ, ಎಡದ್ದು ಅವಳಿಗೆ, ಬಲದ್ದು ಪೀಪಿಗೆ. ಇಬ್ಬರೂ ಒಂದೇ ಹೊತ್ತಿಗೆ ಹೆಬ್ಬೆರಳಿನಿಂದ ಶುರುಮಾಡಿ, ದಾರವನ್ನು ಒಂದೇ ಬಿಗಿಗೆ ಎಳೆದು, ಕಿರುಬೆರಳಿಗೆ ಮುಗಿಸಬೇಕು. ಒಬ್ಬಳ ಕೈ ಸಡಿಲವಾದರೂ ಜೋಡಿ ಕೆಟ್ಟಿತು. ಇವರ ಜೋಡಿ ಕೆಟ್ಟಿದ್ದೇ ಇಲ್ಲ.

ಕಿಟಕಿಗಳನ್ನೆಲ್ಲ ತೆರೆದಿಟ್ಟು ಬೆವರು ಒರೆಸಿಕೊಳ್ಳುವ ಕಾಲ ಹೋಯಿತು. ಕಿಟಕಿ ಮುಚ್ಚಿ ದೀಪ ಹಾಕಿಕೊಳ್ಳುವ ಕಾಲ ಬಂತು. ಅತ್ತಿಗೆ ಅಂಗಿಯನ್ನು ಅಗಲ ಮಾಡಿಸಿಕೊಂಡಳು. ಡಬ್ಬಿಯ ಊಟ ಮಿಗಿಸತೊಡಗಿದಳು. ಆಮೇಲೆ ಅವಳ ಹೊಲಿಗೆ ಸಡಿಲವಾಗತೊಡಗಿತು. ದಾರ ಎಳೆಯಲು ಎಡತೋಳು ಎತ್ತಿದಾಗಲೆಲ್ಲ ಅವಳ ತುಟಿ ಒಂದಿಷ್ಟು ಬಿಗಿಯುತ್ತಿತ್ತು. ಪೀಪಿ ನೋಡಿದಳು. ಏನೂ ಹೇಳದೆ ತನ್ನ ಹೊಲಿಗೆಯನ್ನೂ ಅಷ್ಟೇ ಸಡಿಲ ಮಾಡಿಕೊಂಡಳು. ಜೋಡಿ ಮತ್ತೆ ಸರಿಹೋಯಿತು. ಪರೀಕ್ಷೆ ಮಾಡುವವನು ಎರಡನ್ನೂ ಎಳೆದು ನೋಡಿ, “ಏನಮ್ಮ, ಇಬ್ರೂ ಒಟ್ಟಿಗೆ ಮುದುಕಿಯರಾದ್ರಾ?” ಎಂದ.

“ನಿನ್ನ ಕಣ್ಣಿಗೆ ಮೊದಲು ಮುಪ್ಪು ಬಂತು, ಹೋಗೋ,” ಎಂದಳು ಅತ್ತಿಗೆ.

ಒಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಪೀಪಿ ತಡೆಯಲಾರದೆ ನಿಂತುಬಿಟ್ಟಳು. “ಅತ್ತಿಗೆ, ಹಾಳಾಗ್ಲಿ ಕಾರ್ಡು. ಈಗ್ಲೇ ಹೋಗೋಣ ನಡೀರಿ.”

“ತಲೆ ಕೆಟ್ಟಿದ್ಯಾ? ಇಷ್ಟು ದಿನ ಕಾದು, ಇನ್ನೇನು ಹಣ್ಣಾಯ್ತು ಅನ್ನೋವಾಗ ಕಿತ್ತು ಹಾಕ್ತಾರಾ? ನೀನೇ ಹೇಳಿಕೊಟ್ಟು ನೀನೇ ಕುಣೀತೀಯಲ್ಲೇ!” ಅತ್ತಿಗೆ ಅವಳ ತೋಳು ಹಿಡಿದು ನಡೆಸಿದಳು. “ನಂಗೇನೂ ಆಗಿಲ್ಲ. ನೋಯೋದು ಕೆಲಸದ ಸುಸ್ತಿಗೆ.”

ನೋಯಲ್ಲ ಎಂದಿದ್ದವಳು ಈಗ ನೋಯೋದು ಎಂದಿದ್ದಳು. ಪೀಪಿಯ ಕಿವಿಗೆ ಅದು ಬಿತ್ತು. ಆದರೂ ಅವಳು ನಡೆದಳು.

ವರ್ಷ ತುಂಬಿದ ಮಾರನೆಯ ದಿನ ಇಬ್ಬರೂ ಒಗೆದ ಬಟ್ಟೆ ಉಟ್ಟು ದೊಡ್ಡ ಆಸ್ಪತ್ರೆಗೆ ಹೋದರು. ಕಿಟಕಿಯಾಚೆಯ ಹುಡುಗಿ ಕಾರ್ಡನ್ನು ಯಂತ್ರಕ್ಕೆ ತೋರಿಸಿದಳು. ಯಂತ್ರ ಕುಂಯ್ ಎಂದಿತು. ಹಸಿರು ದೀಪ ಹತ್ತಿತು. “ಆಯ್ತಮ್ಮ, ಒಳಗೆ ಹೋಗಿ,” ಎಂದಳು. ಅಷ್ಟೇ. ಅತ್ತಿಗೆ ಪೀಪಿಯ ಪಕ್ಕೆಗೆ ತಿವಿದು, “ಹಣ್ಣಾಗಿದೆ ಕಣೆ!” ಎಂದು ಪಿಸುಗುಟ್ಟಿದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಕಾಯಿಲೆಯವರೆಲ್ಲ ತಿರುಗಿ ನೋಡಿದರು.

ಒಳಗಿದ್ದವಳು ಹೆಂಗಸು ಡಾಕ್ಟರು, ಮೆತ್ತಗಿನ ಮಾತಿನವಳು. ಮುಟ್ಟಿ ನೋಡಿದಳು, ಕಂಕುಳಲ್ಲಿ, ಕತ್ತಿನ ಬುಡದಲ್ಲಿ, ಬೆನ್ನುಮೂಳೆಯ ಉದ್ದಕ್ಕೂ ಬೆರಳಿಟ್ಟು ಕೇಳಿದಳು. “ಎಷ್ಟು ದಿನದಿಂದ ಇದೆ ಇದು?”

“ಈಗೀಗ ಡಾಕ್ಟ್ರೇ. ಒಂದು ಹದಿನೈದು ದಿನ ಇರಬಹುದು,” ಎಂದಳು ಅತ್ತಿಗೆ. ಆ ಉತ್ತರವನ್ನು ಇಬ್ಬರೂ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿಕೊಂಡು ಬಂದಿದ್ದರು.

ಡಾಕ್ಟರು ಪೀಪಿಯ ಮುಖ ನೋಡಿದಳು. ಪೀಪಿ ಗೋಡೆಯ ಗಡಿಯಾರ ನೋಡಿದಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅಣ್ಣನಿಗೆ ಹೇಳಲೇಬೇಕಾಯಿತು. ಅವನು ಅಂಗಡಿ ಮುಚ್ಚಿ ಬಂದು ಡಾಕ್ಟರ ಎದುರಿಗೆ ಕೂತ. ಕಾಯಿಲೆ ಎದೆ ದಾಟಿ ಎಲುಬಿಗೂ ಹೋಗಿದೆ. ಕತ್ತರಿಸಿ ತೆಗೆಯುವ ಕಾಲ ಮೀರಿದೆ. ಔಷಧ ಹಾಕೋಣ, ನೋವು ತಡೆಯೋಣ, ಎಷ್ಟು ದಿನ ನೂಕಲು ಸಾಧ್ಯವೋ ನೂಕೋಣ ಎಂದು ಅವಳು ಬಿಡಿಸಿ ಹೇಳಿದಳು. “ಇನ್ನೂ ಮೊದ್ಲೇ ಬಂದಿದ್ರೆ...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅಣ್ಣ ಕಿಸೆಯಲ್ಲಿದ್ದ ಯಾವುದೋ ಕೀಲಿಯನ್ನು ತೆಗೆದು ತಿರುಗಿಸುತ್ತಾ ಕೂತಿದ್ದ. “ಖರ್ಚು ಎಷ್ಟಾದ್ರೂ ಆಗ್ಲಿ,” ಎಂದ. “ಖರ್ಚಿನ ಯೋಚನೆ ಬೇಡಿ, ಎಲ್ಲಾ ಕಾರ್ಡಲ್ಲೇ ಆಗತ್ತೆ,” ಎಂದಳು ಡಾಕ್ಟರು.

ಪೀಪಿ ಆಗಲೂ ತನ್ನನ್ನು ತಾನು ಸಂತೈಸಿಕೊಂಡಳು. ಕಾಯದೆ ಬಂದಿದ್ದರೆ ಮನೆಯೂ ಹೋಗುತ್ತಿತ್ತು, ಮಗಳ ಓದೂ ನಿಲ್ಲುತ್ತಿತ್ತು, ಕೊನೆಗೆ ಅರ್ಧ ಔಷಧದಲ್ಲಿ ಹೊರಗೆ ಹಾಕುತ್ತಿದ್ದರು. ಇಸ್ತ್ರಿಯಕ್ಕನ ಗಂಡನಿಗೆ ಆದದ್ದು ಅದೇ ಅಲ್ಲವೇ? ಕಾಯದೆ ಬೇರೆ ದಾರಿ ಎಲ್ಲಿತ್ತು? ಹೀಗೆ ಅಂದುಕೊಂಡರೆ ಎದೆಯ ಮೇಲಿನ ಭಾರ ಒಂದು ಗೇಣು ಪಕ್ಕಕ್ಕೆ ಸರಿಯುತ್ತಿತ್ತು.

ಅತ್ತಿಗೆಯ ರಜೆಯ ಅರ್ಜಿ ಕೊಡಲು ಅವಳು ಕಂಪನಿಯ ಆಫೀಸಿಗೆ ಹೋದಳು. ಅಲ್ಲಿನ ಗುಮಾಸ್ತನನ್ನು ಹೆಂಗಸರು ಸೀಲಪ್ಪ ಎನ್ನುತ್ತಿದ್ದರು. ಸೀಲು ಒತ್ತುವಾಗ ಅವನು ಕುರ್ಚಿಯಿಂದ ಎದ್ದು ಮೈಭಾರ ಹಾಕುತ್ತಿದ್ದ. ಒಳ್ಳೆಯ ಮನುಷ್ಯ. ಅರ್ಜಿ ಓದಿ ಕನ್ನಡಕ ತೆಗೆದ.

“ಅಯ್ಯೋ, ಆ ಎಡಚಮ್ಮನಿಗಾ? ಎಂಥಾ ನಗುಮುಖ! ಹೋಗ್ಲಿ, ಕಾರ್ಡು ನಡೀತಿದ್ಯಾ? ಆಸ್ಪತ್ರೆಯವರು ತಕರಾರು ತೆಗೀತಿಲ್ಲ ತಾನೇ?”

“ಇಲ್ಲ ಸಾರ್. ಹಣ್ಣಾದ ಮೇಲೇ ಹೋದ್ವಿ ನಾವು.”

“ಏನಾದ ಮೇಲೆ?”

“ಅದೇ ಸಾರ್, ವರ್ಷ ತುಂಬಿದ ಮೇಲೆ. ಹಳೇ ಕಾಯಿಲೆ ಅಂದ್ಬಿಡ್ತಾರಲ್ಲ ಮೊದ್ಲೇ ಹೋದ್ರೆ.”

ಸೀಲಪ್ಪ ಅವಳನ್ನೇ ನೋಡಿದ. “ಯಾರಮ್ಮ ಹಾಗಂದಿದ್ದು? ಅದು ಒಬ್ಬೊಬ್ರೇ ಏಜೆಂಟರ ಹತ್ರ ಮಾಡಿಸ್ತಾರಲ್ಲ, ಆ ವಿಮೆಗೆ. ಇದು ಕಂಪನಿ ಎಲ್ರಿಗೂ ಸೇರಿಸಿ ಮಾಡಿರೋದು. ಇದಕ್ಕೆ ಹಳೇದೂ ಇಲ್ಲ, ಹೊಸದೂ ಇಲ್ಲ. ಕಾರ್ಡು ಕೈಗೆ ಬಂದ ದಿನವೇ ಹೋದ್ರೂ ನಡೀತಿತ್ತು.”

“ಆ ದಿನವೇನಾ?” ಎಂದಳು ಪೀಪಿ.

“ಕಾರ್ಡು ಕೊಡೋವಾಗ ಹೇಳಿರ್ತೀನಲ್ಲ?” ಎಂದ ಸೀಲಪ್ಪ. ಆಮೇಲೆ ದನಿ ತಗ್ಗಿಸಿ, ತನ್ನಲ್ಲೇ ಎಂಬಂತೆ, “ಹೇಳಿರಲಿಲ್ವೇನೋ. ಯಾರೂ ಕೇಳಲೂ ಇಲ್ಲ,” ಎಂದ. ಸೀಲು ಒತ್ತಲು ಎದ್ದವನು ಈ ಸಲ ಮೈಭಾರ ಹಾಕಲಿಲ್ಲ. ಅರ್ಧ ಸೀಲು ಮಾತ್ರ ಮೂಡಿತು.

ಆಸ್ಪತ್ರೆಯ ತನಕ ಅವಳು ನಡೆದೇ ಹೋದಳು. ಬಸ್ಸುಗಳು ಪಕ್ಕದಲ್ಲೇ ನಿಂತು ಹೊರಟವು, ಹತ್ತಲು ನೆನಪಾಗಲಿಲ್ಲ. ಎದೆಯ ಮೇಲಿನ ಭಾರ ಸರಿಸಲು ಈಗ ಎಲ್ಲೂ ಜಾಗವಿರಲಿಲ್ಲ. ಕೈತೊಳೆಯುವ ಕೋಣೆಯ ನಲ್ಲಿ, ನೆನೆಸಿದ ಕಡಲೆಯಷ್ಟು ಗಂಟು, “ಸಂಜೆ ಹೋಗ್ಬರೋಣ್ವಾ” ಎಂಬ ಮಾತು, ಇಷ್ಟೇ ಸುತ್ತಿ ಸುತ್ತಿ ಬರುತ್ತಿದ್ದವು. ಹೇಳಿಬಿಡಬೇಕು, ಕಾಲಿಗೆ ಬಿದ್ದು ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಮೆಟ್ಟಿಲು ಹತ್ತಿದಳು.

ಅತ್ತಿಗೆಯ ಹಾಸಿಗೆ ಕಿಟಕಿಯ ಪಕ್ಕದಲ್ಲಿತ್ತು. ಬಾತುಕೊಂಡ ಎಡತೋಳನ್ನು ದಿಂಬಿನ ಮೇಲೆ ಇಟ್ಟಿದ್ದರು. ತಲೆಗೆ ಬಟ್ಟೆ ಸುತ್ತಿಕೊಂಡು ಒರಗಿ ಕೂತವಳು ಅವಳನ್ನು ಕಂಡು ಬಲಗೈ ಆಡಿಸಿದಳು. ಅಣ್ಣ ಸ್ಟೂಲಿನ ಮೇಲೆ ಕೂತು ಹಣ್ಣು ಸುಲಿಯುತ್ತಿದ್ದ.

“ಬಾರೇ ಪೀಪಿ. ಕೇಳು ಇಲ್ಲಿ, ಪಕ್ಕದ ಹಾಸಿಗೆಯಾಕೆ ನಿನ್ನೆ ಹೊರಟೋದ್ಲು. ವಾಸಿಯಾಗಿ ಅಲ್ಲ ಕಣೆ. ದುಡ್ಡು ಮುಗೀತಂತೆ. ಗಂಡ ಅವಳ ಬಟ್ಟೆ ಗಂಟು ಕಟ್ಟೋದು ನೋಡ್ಲಾರದೆ ಆ ಕಡೆ ತಿರುಗಿ ಮಲಗ್ದೆ.” ಅತ್ತಿಗೆ ಉಸಿರು ಎಳೆದುಕೊಂಡಳು. “ನಿಮ್ಮಣ್ಣನಿಗೆ ಅದೇ ಹೇಳ್ತಿದ್ದೆ. ಈ ಪೀಪಿ ಅವತ್ತು ತಡೀರಿ ಅನ್ನದೇ ಇದ್ದಿದ್ರೆ ನಾನೂ ಹಾಗೇ ಗಂಟು ಕಟ್ಕೊಂಡು ಹೊರಡ್ತಿದ್ದೆ. ಮಗಳು ಓದು ಬಿಟ್ಟು ಯಾವ್ದೋ ಅಂಗಡೀಲಿ ನಿಂತಿರೋಳು. ಕಾದಿದ್ದು ಒಳ್ಳೇದಾಯ್ತು. ಅಲ್ವೇನೇ?”

ಅಣ್ಣ ತಲೆ ಎತ್ತಲಿಲ್ಲ. ಸಿಪ್ಪೆ ಅವನ ಬೆರಳಿನಿಂದ ಉದ್ದಕ್ಕೆ ಇಳಿಯುತ್ತಿತ್ತು.

“ಅಲ್ವೇನೇ?” ಎಂದಳು ಅತ್ತಿಗೆ ಮತ್ತೆ. ಅವಳ ಕಣ್ಣು ಪೀಪಿಯ ಮುಖವನ್ನು ಬಿಟ್ಟು ಆಚೀಚೆ ಹೋಗಲಿಲ್ಲ. ಇಷ್ಟೆಲ್ಲ ನೋವಿಗೆ ಪ್ರತಿಯಾಗಿ ಅವಳ ಬಳಿ ಉಳಿದದ್ದು ಅದೊಂದೇ: ತಾನು ಮನೆಯನ್ನು ಉಳಿಸಿದೆ ಎಂಬುದು.

“ಹೂಂ ಅತ್ತಿಗೆ,” ಎಂದಳು ಪೀಪಿ. “ಒಳ್ಳೇದಾಯ್ತು.”

“ನೋಡಿ, ಹೇಳ್ಲಿಲ್ವಾ?” ಎಂದು ಅತ್ತಿಗೆ ಗಂಡನ ಕಡೆ ತಿರುಗಿ, ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು.

ಹೊರಗೆ ಮೆಟ್ಟಿಲ ಬಳಿ ಅಣ್ಣ ಕೇಳಿದ: “ಆಫೀಸಲ್ಲಿ ಏನಂದ್ರು?”

“ರಜೆ ಕೊಟ್ರು.”

“ಬೇರೆ?”

“ಬೇರೆ ಏನಿಲ್ಲ ಅಣ್ಣ.”

ಅವನು ತಂಗಿಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ತೆರೆಯದ ಬೀಗದ ಮುಂದೆ ನಿಂತವನ ಹಾಗೆ ತಲೆ ಕೆರೆದುಕೊಂಡು ಒಳಗೆ ಹೋದ.

ಮಾರನೆಯ ದಿನ ಪೀಪಿ ಕೆಲಸಕ್ಕೆ ಬಂದಳು. ಎದುರಿನ ಸ್ಟೂಲು ಖಾಲಿಯಿತ್ತು. ಕತ್ತರಿಸುವವನು ಎಂದಿನಂತೆ ಜೋಡಿಗಳನ್ನು ದಾರ ಕಟ್ಟಿ ತಂದು ಸುರಿದ. ಎಡದವಕ್ಕೆ ಬೇರೆಯವರನ್ನು ಇನ್ನೂ ಹಾಕಿರಲಿಲ್ಲ. ಅವಳು ಬಲದ್ದನ್ನಷ್ಟೇ ಹೊಲಿದು ಹೊಲಿದು ಇಟ್ಟಳು. ಕೈ ತಾನಾಗಿಯೇ ಸಡಿಲ ಹೊಲಿಗೆ ಹಾಕುತ್ತಿತ್ತು.

ಊಟದ ಹೊತ್ತಿಗೆ ಹೆಂಗಸರು ಇಸ್ತ್ರಿಯಕ್ಕನ ಬೆಚ್ಚಗಿನ ಮೂಲೆಯಲ್ಲಿ ಡಬ್ಬಿ ಬಿಚ್ಚಿದರು. ಹಿತ್ತಾಳೆಯ ಕೈಗಳು ಸಾಲಾಗಿ, ಬೆರಳು ಮೇಲೆ ಮಾಡಿ ಕಾಯುತ್ತಿದ್ದವು. ಕೈಗವಸಿಗೆ ಗುಂಡಿ ಹೊಲಿಯುವ ಹೆಂಗಸು, ಇಬ್ಬರು ಮಕ್ಕಳ ತಾಯಿ, ಈಚೆಗಷ್ಟೇ ಖಾಯಂ ಆದವಳು, ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು.

“ಯಾಕೇ, ಊಟ ಬೇಡ್ವಾ?” ಎಂದಳೊಬ್ಬಳು.

“ನುಂಗೋಕೇ ಆಗಲ್ಲ ಕಣೆ. ಗಂಟಲಲ್ಲಿ ಏನೋ ಅಡ್ಡ ಕೂತ ಹಾಗೆ. ಶುರುವಾಗಿ ಎಷ್ಟೋ ದಿನ ಆಯ್ತು.”

“ಡಾಕ್ಟರಿಗೆ ತೋರಿಸ್ಬಾರ್ದಾ?”

“ತೋರಿಸ್ತಿದ್ದೆ. ಇಸ್ತ್ರಿಯಕ್ಕ ಬೇಡ ಅಂದ್ರು. ಕಾರ್ಡು ಹಣ್ಣಾಗ್ಲಿ ಅಂತ ಕೂತಿದೀನಿ.”

ಇಸ್ತ್ರಿಯಕ್ಕ ಒಂದು ಕೈಗವಸನ್ನು ಹಿತ್ತಾಳೆಯ ಕೈಗೆ ಇಳಿಸುತ್ತಾ ತಲೆಯಾಡಿಸಿದಳು. “ತಡ್ಕೋ ಮಗಳೇ. ಇನ್ನೆಷ್ಟು ತಿಂಗಳು? ಇವರ ಅತ್ತಿಗೇನೇ ನೋಡು, ಬುದ್ಧಿವಂತೆ, ಕಾದಳು. ಈಗ ಒಂದು ಕಾಸು ಕೊಡದೆ ದೊಡ್ಡಾಸ್ಪತ್ರೇಲಿ ಮಲಗಿದಾಳೆ.”

ಎಲ್ಲರೂ ಪೀಪಿಯ ಕಡೆ ನೋಡಿದರು. ಅವಳ ಬಾಯಲ್ಲಿ ತುತ್ತಿತ್ತು. ಇಲ್ಲಿ ಬಿದ್ದ ಮಾತು ಸಂಜೆಯೊಳಗೆ ಬೀದಿಗೆ ಬರುತ್ತದೆ. ಬೀದಿಯಿಂದ ಅಣ್ಣನ ಅಂಗಡಿಗೆ. ಅಂಗಡಿಯಿಂದ ಕಿಟಕಿ ಪಕ್ಕದ ಹಾಸಿಗೆಗೆ. ಅವಳು ತುತ್ತನ್ನು ಅಗಿದಳು. ಎಷ್ಟು ಅಗಿದರೂ ಅದು ಇಳಿಯಲಿಲ್ಲ. ಗುಂಡಿಯವಳು ನೀರು ಕುಡಿಯಲು ಕತ್ತು ಎತ್ತಿದಳು. ಗುಟುಕು ಇಳಿಯುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

“ಇವತ್ತೇ ಹೋಗು,” ಎಂದಳು ಪೀಪಿ.

“ಏನಂದ್ರಿ?”

“ಇವತ್ತೇ ಹೋಗು ಅಂದೆ. ಏಳು, ಡಬ್ಬಿ ಮುಚ್ಚು. ಆ ಕಾರ್ಡಿಗೆ ಕಾಯೂ ಇಲ್ಲ, ಹಣ್ಣೂ ಇಲ್ಲ. ಕೊಟ್ಟ ದಿನದಿಂದಾನೇ ನಡೀತದಂತೆ. ಸೀಲಪ್ಪ ಹೇಳಿದ್ರು. ವರ್ಷ ಕಾಯೋದು ಮನೆ ಬಾಗಿಲಿಗೆ ಬರೋ ಏಜೆಂಟರ ವಿಮೆಗೆ ಮಾತ್ರ. ನಮ್ಮದಕ್ಕಲ್ಲ. ನಮ್ಮದಕ್ಕೆ ಯಾವತ್ತೂ ಅಲ್ಲ.”

ಗುಂಡಿಯವಳು ಎದ್ದು ನಿಂತಳು. ಕೆಲಸದ ಮೇಲಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿ ಹೊರಟಳು. ಅವಳ ಹೆಜ್ಜೆ ಮೆಟ್ಟಿಲಿಳಿಯುವುದು ಕೇಳಿಸಿತು.

ಇಸ್ತ್ರಿಯಕ್ಕ ಹಿತ್ತಾಳೆಯ ಕೈಯೆದುರು ನಿಂತೇ ಇದ್ದಳು. “ಯಾವತ್ತೂ ಅಲ್ವಾ?” ಎಂದಳು. ಅವಳ ದನಿ ಮಗುವಿನದರಂತೆ ತೆಳುವಾಗಿತ್ತು. “ಹಂಗಾದ್ರೆ ನಿಮ್ಮತ್ತಿಗೆ...”

“ಅವ್ರ ಹತ್ರ ಹೇಳ್ಬೇಡಿ ಅಕ್ಕ,” ಎಂದಳು ಪೀಪಿ. ಆಮೇಲೆ ಕೂತಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ, “ಯಾರೂ ಹೇಳ್ಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ,” ಎಂದಳು.

ಸುಟ್ಟ ತೊಗಲಿನ ವಾಸನೆ ಮೆಲ್ಲಗೆ ಏಳತೊಡಗಿತು. ಇಸ್ತ್ರಿಯಕ್ಕ ಅಲ್ಲಾಡಲಿಲ್ಲ. ಪೀಪಿ ಎದ್ದು ಹೋಗಿ, ಬಿಸಿಗೆ ಬೆರಳು ಸುಡುತ್ತಿದ್ದರೂ ಒಂದೊಂದೇ ಬೆರಳನ್ನು ಹಿಡಿದೆಳೆದು, ಆ ಕೈಗವಸನ್ನು ಬಿಡಿಸಿದಳು. ಅದರ ಅಂಗೈಯಲ್ಲಿ ಕಂದು ಕಲೆ ಬಿದ್ದಿತ್ತು. ಬಲಗೈಯದು, ಮಣಿಕಟ್ಟಿನಿಂದ ಜೋಡಿ ಕಟ್ಟಿದ್ದ ದಾರ ಇನ್ನೂ ಜೋತಾಡುತ್ತಿತ್ತು, ತುದಿಯಲ್ಲಿ ಏನೂ ಇರಲಿಲ್ಲ. ಅವಳು ಅದನ್ನು ತನ್ನ ಜಾಗಕ್ಕೆ ಒಯ್ದು, ಎದುರಿನ ಸ್ಟೂಲಿನ ಮೇಲೆ, ಹೊಲಿಯದೆ ಉಳಿದಿದ್ದ ಎಡಗೈಗಳ ರಾಶಿಯ ಮೇಲೆ ಇಟ್ಟಳು. ಅದು ಆರಲು ಬಹಳ ಹೊತ್ತು ಹಿಡಿಯಿತು.